ಮಾದೇವಿಯ ಗುಡಿಸು

ಭಾಲ್ಕಿಯ ಕಣ್ಣಿನ ದವಾಖಾನೆಯೊಂದರಿಂದ ಫೋನ್ ಬಂತು. ಪಾಳಿ ಬಂದವರ ಹೆಸರನ್ನು ಗೋಡೆಯ ಸ್ಪೀಕರ್ ಕೂಗುತ್ತದೆ, ಆದರೆ ಕೆಲವರು ಏಳುವುದೇ ಇಲ್ಲ ಎಂಬುದು ದೂರು. ಆ ಪ್ರೋಗ್ರಾಂ ನೋಡಿಕೊಳ್ಳುವ ಕೆಲಸ ನನ್ನದು. ನೌಬಾದದಿಂದ ಬಸ್ಸು ಹಿಡಿದು ಹೋಗಿ ರೋಗಿಗಳ ನಡುವೆ ಕುಳಿತೆ.

“ಮಾದೇವ” ಎಂದು ಸ್ಪೀಕರ್ ಕೂಗಿತು. ಯಾರೂ ಏಳಲಿಲ್ಲ. ಮತ್ತೆ ಕೂಗಿತು.

ಪಕ್ಕದಲ್ಲಿದ್ದ ಅಜ್ಜಿಗೆ ಬೇಸರ ಬಂತು. ಠಾಣಾ ಕುಶನೂರಿನವರು, ಒಂದು ಕಣ್ಣು ಮಂಜಾಗಿತ್ತು. “ಮುಂಜಾನಿಂದ ಕುಂತೇನಿ ಯಪ್ಪಾ. ಆ ಮಾದೇವ ಬಂದು ಹೋದ್ರ ನನ್ನ ಪಾಳಿ ಬರ್ತದ. ಡಾಕ್ಟರ್ ಎದ್ದು ಹೋದ್ರ ಮತ್ತ ನಾಳಿ ಬರಬೇಕು.”

“ಆಯಿ, ನಿಮ್ಮ ಹೆಸರೇನ್ರಿ?”

“ಮಾದೇವಿ.”

ಮೊದಲು ಅವರನ್ನು ಡಾಕ್ಟರ ಕೋಣೆಗೆ ಕಳಿಸಿದೆ. ಆಮೇಲೆ ಕಂಪ್ಯೂಟರ್ ಮುಂದೆ ಕುಳಿತೆ. ಹೆಸರು ಟೈಪ್ ಮಾಡುವವರು ಕೊನೆಗೆ ಚುಕ್ಕಿಯೋ ಅಲ್ಪವಿರಾಮವೋ ಒತ್ತಿಬಿಡುತ್ತಾರೆ. ಅದನ್ನು ಕತ್ತರಿಸಲು ಯಾರೋ ಜಾವಾಸ್ಕ್ರಿಪ್ಟ್‌ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಸಾಲು ಬರೆದಿದ್ದರು: ಕೊನೆಯಲ್ಲಿ ಅಕ್ಷರವಲ್ಲದ್ದನ್ನೆಲ್ಲ ತೆಗೆದುಹಾಕು. ಜಾವಾಸ್ಕ್ರಿಪ್ಟ್ ಲೆಕ್ಕದಲ್ಲಿ ‘ವ’ ಅಕ್ಷರ, ಅದನ್ನು ‘ವಿ’ ಮಾಡುವ ಮೇಲಿನ ಗುಡಿಸು ಬರೀ ಗುರುತು. ಚುಕ್ಕಿಯ ಜೊತೆ ಗುಡಿಸೂ ಹೋಗಿ, ಮಾದೇವಿ ಮಾದೇವನಾಗಿದ್ದರು. ಕೊನೆಗೆ ಇಂಥ ಗುರುತಿಲ್ಲದ ಬಸವರಾಜ, ಸುರೇಶರಿಗೆ ಏನೂ ಆಗಿರಲಿಲ್ಲ. ಗುರುತುಗಳನ್ನೂ ಉಳಿಸು ಎಂದು ಸೇರಿಸಿದೆ. ಸ್ಪೀಕರ್ “ಪಾರ್ವತಿ” ಎಂದಿತು, ಕೂಡಲೇ ಒಬ್ಬರು ಎದ್ದರು.

ಅಜ್ಜಿ ಹೊರಗೆ ಬಂದವರೇ ಕೇಳಿದರು: “ಆ ಮಾದೇವ ಬಂದ್ನೇನು?”

“ಇಲ್ರಿ ಆಯಿ. ಇನ್ನ ಅಂವ ಬರಂಗಿಲ್ಲ.”

“ಪಾಪ, ಅವನ ಕಣ್ಣು ಹ್ಯಾಂಗ ಅದಾವೋ” ಎನ್ನುತ್ತ ಅವರು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಅವನನ್ನು ಈಗಷ್ಟೇ ನಾನೇ ಅಳಿಸಿಹಾಕಿದ್ದೆ.