ಸಭೆಯ ಹಿಟ್ಟು

ಸಾಬಮ್ಮ ಕರುಣೆಯಿಲ್ಲದ ಹೆಂಗಸು. ಶಹಾಬಾದಿನ ನಮ್ಮ ಕ್ರೈಸ್ತ ಸಭೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಏಕೆಂದರೆ ಏಸುವಿನ ನೆನಪಿಗೆ ಹಂಚಿ ತಿನ್ನುವ ಕರ್ತನ ಭೋಜನದ ರೊಟ್ಟಿ ಮಾಡುವವಳು ಅವಳೇ. ಗಂಡ ಕಲ್ಲಿನ ಖಣಿಯಲ್ಲಿ ಸತ್ತ ವಾರವೂ ಆರಾಧನೆಗೆ ಬಂದು, ಪಕ್ಕದಲ್ಲಿ ಅಳುತ್ತಿದ್ದ ನೆಂಟರನ್ನು “ಕೀರ್ತನಿ ಹಾಡಾಕತ್ತಾರ, ಸುಮ್ಮ ಕುಂದ್ರಿ” ಎಂದು ಗದರಿದವಳು.

ಆ ರೊಟ್ಟಿ ಅಂಗಡಿಯಿಂದ ಬರುವುದಿಲ್ಲ. ತಿಂಗಳ ಮೊದಲ ಭಾನುವಾರದ ಹಿಂದಿನ ದಿನ, ದೀಕ್ಷಾಸ್ನಾನವಾಗಿ ಸಭೆಗೆ ಸೇರಿದ ಪ್ರತಿಯೊಬ್ಬರ ಮನೆಯಿಂದ ಒಂದು ಹಿಡಿ ಗೋಧಿ ಹಿಟ್ಟು ಸಾಬಮ್ಮನ ಅಗಲ ತಟ್ಟೆಯಂಥ ಪರಾತಕ್ಕೆ ಬೀಳುತ್ತದೆ. ಕಲ್ಲು ಪಾಲಿಶ್ ಯಾರ್ಡಿನ ಕೂಲಿಯವರದು, ಶಾಲೆಯ ಮಾಸ್ತರರದು, ಮಾತು ಬಿಟ್ಟ ಅಣ್ಣತಮ್ಮಂದಿರದು, ಎಲ್ಲವೂ ಅಲ್ಲಿ ಒಂದಾಗುತ್ತದೆ. ಉಪ್ಪಿಲ್ಲದೆ ನಾದಿ ಅವಳು ಚಪಾತಿ ಬೇಯಿಸುತ್ತಾಳೆ. ಯಾರ ಹಿಟ್ಟು ಪರಾತದಲ್ಲಿದೆಯೋ ಅವರು ನಮ್ಮವರು. ಇದನ್ನು ಯಾವ ಪಾಸ್ಟರೂ ಬೋಧಿಸಿಲ್ಲ, ಆದರೆ ಎಲ್ಲರಿಗೂ ಗೊತ್ತು.

ಸೊಸೆ ಲಕ್ಷ್ಮಿ ಕುರಕುಂಟಾದ ಕುರಿಗಾರ ಅಮೃತಪ್ಪನ ಮಗಳು. ಸಾಬಮ್ಮನ ಮಗ ದಾನಿಯೇಲನನ್ನು ಸೇಡಂನ ನೋಂದಣಿ ಕಚೇರಿಯಲ್ಲಿ ಮದುವೆಯಾಗಿ ಬಂದವಳು. ವರ್ಷಗಟ್ಟಲೆ ತಪ್ಪದೆ ಆರಾಧನೆಗೆ ಬಂದಳು, ಕೀರ್ತನೆಗಳನ್ನು ಪುಸ್ತಕ ನೋಡದೆ ಹಾಡಿದಳು. ದೀಕ್ಷಾಸ್ನಾನ ಮಾತ್ರ ತೆಗೆದುಕೊಂಡಿರಲಿಲ್ಲ. ಆ ಒಂದು ಕಾರಣಕ್ಕೆ ಅಪ್ಪ ಇನ್ನೂ ಹಬ್ಬಕ್ಕೆ ಕರೆಯುತ್ತಿದ್ದ. ಮನೆಯಲ್ಲಿ ದಿನವೂ ರೊಟ್ಟಿ ಬಡಿಯುವವಳು ಅವಳೇ. ಆ ಶನಿವಾರ ಪರಾತಕ್ಕೆ ಕೈ ಚಾಚಿದರೆ ಮಾತ್ರ ಸಾಬಮ್ಮ ತಳ್ಳುತ್ತಿದ್ದಳು.

“ಕೈ ತೆಗಿ. ಇದು ಸಭಿ ಹಿಟ್ಟು.”

“ದಿನಾ ನನ್ನ ಕೈಲೆ ಉಣ್ತೀರಲ್ರಿ ಅತ್ತಿ?”

“ಅದು ಹೊಟ್ಟಿಗಿ. ಇದು ಬ್ಯಾರೆ.”

ಹಿಟ್ಟು ತಂದಿದ್ದ ನೆರೆಮನೆಯ ಸುಂದರಮ್ಮ ಒಮ್ಮೆ ನಕ್ಕಳು. “ಸ್ವರ್ಗದ ಬಾಗಲದಾಗ ನಿನ್ನೇ ಕುಂದರಸ್ತಾರ ನೋಡು ಯಕ್ಕಾ. ಒಂದು ನರಪಿಳ್ಳಿನೂ ಒಳಗ ಹೋಗಂಗಿಲ್ಲ.”

“ನೀ ಅಂತೂ ಹೋಗಂಗಿಲ್ಲ. ಹಿಟ್ಟು ಸೋಸದ ತಂದಿದಿ.” ಸಾಬಮ್ಮ ಜರಡಿ ಎತ್ತಿಕೊಂಡಳು.

ಕಳೆದ ಈಸ್ಟರ್ ಸಮಯದಲ್ಲಿ ಲಕ್ಷ್ಮಿ ಕಾಗಿಣಾ ನದಿಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಳು. ಸುದ್ದಿ ಕುರಕುಂಟಾ ಮುಟ್ಟಿತು. ಅಮೃತಪ್ಪ ಚರ್ಚಿನ ಅಂಗಳಕ್ಕೆ ಬಂದು, “ಲಗ್ನಾ ಆದಾಗ ಸುಮ್ಮಿದ್ದೆ. ಈಗ ನನ್ನ ಮಗಳು ಸತ್ತಳು” ಎಂದು ಹೇಳಿ ಹೋದ. ಅವನ ಜೊತೆ ಬಂದವರು ಪಾಸ್ಟರ ಮೇಲೆ ಮತಾಂತರದ ಕೇಸು ಹಾಕುವುದಾಗಿ ಹೆದರಿಸಿ ಹೋದರು.

ಮುಂದಿನ ಹಿಟ್ಟಿನ ಶನಿವಾರ ಸಾಬಮ್ಮ ಪರಾತವನ್ನು ಸೊಸೆಯ ಕಡೆಗೆ ನೂಕಿದಳು. “ಉಪ್ಪು ಹಾಕಬ್ಯಾಡ” ಅಂದಳು. ತವರು ಕಳೆದುಕೊಂಡವಳಿಗೆ ಅವಳಿಂದ ಸಿಕ್ಕ ಸಾಂತ್ವನ ಅಷ್ಟೇ.

ಭಾನುವಾರ ವೇದಿಯ ಮುಂದಿನ ಕಟಕಟೆಯ ಬಳಿ ಹೆಂಗಸರು ಸೆರಗು ಹೊದ್ದು ಸಾಲಾಗಿ ಮೊಣಕಾಲೂರಿದ್ದರು. ಪಾಸ್ಟರ್ ಸಾಬಮ್ಮನ ಅಂಗೈಯಲ್ಲಿ ರೊಟ್ಟಿಯ ತುಂಡಿಟ್ಟರು. ಪಕ್ಕದಲ್ಲಿ ಲಕ್ಷ್ಮಿ ಎರಡೂ ಕೈ ಒಡ್ಡಿದ್ದಳು. ಪಾಸ್ಟರ್ ಬಗ್ಗಿ ಪಿಸುಗುಟ್ಟಿದರು.

“ಜರಾ ತಡಿಯವ್ವಾ. ಸಭಿ ಕಮಿಟಿಯವರು ಬ್ಯಾಡ ಅಂದಾರ. ಗಲಾಟಿ ತಣ್ಣಗಾಗಲಿ.”

ಮುಂದಿನವಳ ಕಡೆ ಸರಿದರು. ಕಮಿಟಿಯ ಹಿರಿಯರು ಮೊದಲ ಬೆಂಚಿನಲ್ಲಿ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಸಭೆ ಕೀರ್ತನೆ ನಿಲ್ಲಿಸಲಿಲ್ಲ. ಲಕ್ಷ್ಮಿ ನಾದಿದ ರೊಟ್ಟಿ ಸಾಲಿನಲ್ಲಿದ್ದವರಿಗೆಲ್ಲ ಸಿಕ್ಕಿತು, ಅವಳೊಬ್ಬಳನ್ನು ಬಿಟ್ಟು.

ಅವಳ ಕೈ ಒಡ್ಡಿದಂತೆಯೇ ಇತ್ತು. ಸಾಬಮ್ಮ ತನ್ನ ಅಂಗೈಯ ತುಂಡನ್ನು ತಿನ್ನಲಿಲ್ಲ. ಎದ್ದು ಹೋಗಿ ಅದನ್ನು ಪಾಸ್ಟರ ತಟ್ಟೆಯಲ್ಲಿ ವಾಪಸು ಇಟ್ಟಳು. ಸೊಸೆಯ ರಟ್ಟೆ ಹಿಡಿದು ಎಬ್ಬಿಸಿ ಬಾಗಿಲ ತನಕ ಕರೆದೊಯ್ದಳು. ಅಲ್ಲಿ ದೀಕ್ಷಾಸ್ನಾನವಾಗದವರಿಗೆಂದು ಹಾಸಿದ ಚಾಪೆಯಿದೆ. ಇಬ್ಬರೂ ಅದರ ಮೇಲೆ ಕುಳಿತರು.