ಒಂಟಿ ಕಣ್ಣಿನ ಗೊಂಬೆ

ಚನ್ನಪಟ್ಟಣದ ವಜೀರಾಳಿಗೆ ಗೊಂಬೆಗಳಿಗೆ ಕಣ್ಣು ಬರೆಯುವುದೇ ಕಸುಬು. ಮಗ ನಿಯಾಜ್ ಲೇತ್ ಮೆಷಿನ್ನಿನಲ್ಲಿ ಆಲೆಮರ ಕಡೆದು, ಅರಗಿನ ಬಣ್ಣ ಹಿಡಿಸಿ ಕೊಡುತ್ತಾನೆ. ಅಲ್ಲಿಂದಾಚೆಗೆ ಮೂಗು, ಬಾಯಿ, ಕಣ್ಣು ಈಕೆಯ ಪಾಲು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಹೇಳಿಕೊಟ್ಟ ಪಾಠ ಒಂದೇ: ಕಣ್ಣಿಲ್ಲದ ಗೊಂಬೆ ಹೊಸಿಲು ದಾಟಬಾರದು. ದಾಟಿದರೆ ಅಂಗಡಿಯವರು ಅದೇ ಆಟೋದಲ್ಲಿ ವಾಪಸು ಅಟ್ಟುತ್ತಾರೆ. ಈ ಪಾಠ ಆಕೆಯ ಕೈಗೆ ಎಷ್ಟು ಹತ್ತಿಬಿಟ್ಟಿದೆಯೆಂದರೆ, ಇಡ್ಲಿ ಮುಂದಿಟ್ಟರೂ ಅಮ್ಮ ಚಟ್ನಿಯಲ್ಲಿ ಎರಡು ಚುಕ್ಕೆ ಇಟ್ಟಾಳು ಎಂದು ನಿಯಾಜ್ ಗೇಲಿ ಮಾಡುತ್ತಾನೆ.

ಆಸೆ ಮಾತ್ರ ಆಕೆಗೆ ಬೇರೆಯೇ ಇತ್ತು. ಟೀಚರ್ ಆಗಬೇಕೆಂದಿದ್ದವಳು ಐದನೇ ಕ್ಲಾಸಿಗೇ ಶಾಲೆ ಬಿಟ್ಟಳು. ಆಮೇಲೂ ಮನೆಯ ಗೊಂಬೆಗಳನ್ನೆಲ್ಲ ಸಾಲಾಗಿ ಕೂರಿಸಿ, ಕೋಲು ಹಿಡಿದು ಮಗ್ಗಿ ಹೇಳಿಸುತ್ತಿದ್ದಳು. ಗೊಂಬೆಗಳಲ್ಲಿ ಒಂದಾದರೂ ಬಾಯಿ ಬಿಟ್ಟು 'ಮಿಸ್' ಎನ್ನಲಿಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ ಯಾರಾದರೂ ಹಾಗೆ ಕರೆದರೆ ಸಾಕಿತ್ತು. ಅಜ್ಜಿಯಾದ ಮೇಲೆ ಇಂಥದ್ದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಹೀಗಿರುವಾಗ ಮೊಮ್ಮಗಳು ಅಸ್ರಾಳ ಟೀಚರ್ ದಿವ್ಯ ಮನೆಗೆ ಬಂದರು. ಜಪಾನಿಗೆ ಹೋಗಿ ತರಬೇತಿ ಪಡೆದು ಬಂದವರು. ಅಲ್ಲಿನ ಸಂಸ್ಕೃತಿಯನ್ನು ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಎಂದು ಶಾಲೆಯಲ್ಲಿ ಕಾಗದ ಮಡಿಸಿ ಕೊಕ್ಕರೆ ಮಾಡಿಸಿದ್ದಾಗಿತ್ತು. ಈಗ ದರುಮ ಗೊಂಬೆಯ ಸರದಿ; ಅದನ್ನು ಮಾಡಿಸಿಕೊಳ್ಳಲೆಂದೇ ಬಂದಿದ್ದರು. ಕೈಕಾಲಿಲ್ಲದ, ಗುಂಡಗಿನ, ಕೆಂಪು ಗೊಂಬೆ. ಉರುಳಿಸಿದರೆ ಎದ್ದು ಕೂರುತ್ತದೆ.

"ಕಣ್ಣು ಮಾತ್ರ ಬರೀಬೇಡಿ ವಜೀರಮ್ಮ. ಮಕ್ಕಳು ಮನಸಲ್ಲಿ ಏನಾದ್ರೂ ಆಸೆ ಇಟ್ಕೊಂಡು ಒಂದು ಕಣ್ಣು ಬರೀಬೇಕು. ಅದು ನೆರವೇರಿದ ದಿನ ಇನ್ನೊಂದು. ಅಲ್ಲಿ ಹಂಗೆ ಪದ್ಧತಿ. ಮತ್ತೆ, ಅವತ್ತು ಕ್ಲಾಸ್ ತಗೊಳ್ಳೋರು ನೀವೇ!"

ವಜೀರಾಳ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ.

ಅಜ್ಜಿಯನ್ನು ದಾದಿ ಎನ್ನುವ ಅಸ್ರಾಳಿಗೆ ಬೇರೆ ಚಿಂತೆ. "ದಾದಿ, ಸ್ಕೂಲಲ್ಲಿ ಎಲ್ಲಾರ ಮುಂದೆ ನನ್ನ ಚಿನ್ನಿ ಅನ್ಬೇಡ."

"ಹಂಗಾದ್ರೆ ನೀನೂ ನನ್ನ ದಾದಿ ಅನ್ನಂಗಿಲ್ಲ."

"ಮತ್ತೇನಂತ ಕರೀಲಿ?"

ವಜೀರಾ ನಾಚಿಕೊಂಡು ಅಡುಗೆಮನೆಗೆ ಹೋದಳು.

ಶಾಲೆಗೆ ಹೋಗುವ ದಿನ ಬಂತು. ಇಸ್ತ್ರಿ ಸೀರೆ, ಸೊಸೆಯ ವಾಚು, ಕೈಯಲ್ಲಿ ಬಣ್ಣ-ಕುಂಚ, ಚೀಲದ ತುಂಬ ಗೊಂಬೆ. ಕ್ಲಾಸಿನಲ್ಲಿ ದಿವ್ಯ ಪದ್ಧತಿಯನ್ನು ವಿವರಿಸಿ, "ನೋಡಿ ಮಕ್ಕಳೇ, ಈ ಗೊಂಬೆಗಳಿಗೆ ಕಣ್ಣೇ ಇಲ್ಲ!" ಎಂದು ಚೀಲ ಸುರಿದರು. ಗೊಂಬೆಗಳೆಲ್ಲ ಉರುಳಿ, ಎದ್ದು ಕೂತು, ಎರಡೆರಡು ಕಣ್ಣು ಪಿಳಿಪಿಳಿ ಬಿಟ್ಟು ಅವರನ್ನೇ ನೋಡಿದವು.

ಕ್ಲಾಸು ಗೊಳ್ಳೆಂದಿತು. ಹಿಂದಿನ ಸಂಜೆ ಗೊಂಬೆಗಳನ್ನು ಎದುರಿಗೆ ಕೂರಿಸಿಕೊಂಡು ಪಾಠದ ತಾಲೀಮು ಮಾಡುತ್ತಿದ್ದಾಗ ಈ ಹಾಳು ಕೈ ತನ್ನ ಕೆಲಸ ಮುಗಿಸಿಬಿಟ್ಟಿತ್ತು. ಟೀಚರ್ ಆಗುವ ಮೊದಲೇ ಕೆಲಸ ಹೋಯಿತಲ್ಲ ಎಂದು ವಜೀರಾಳಿಗೆ ಅಳುವೇ ಬಂತು.

"ಈಗೇನ್ ಮಾಡೋದು ವಜೀರಮ್ಮ?" ದಿವ್ಯರ ಮುಖ ಸಣ್ಣಗಾಗಿತ್ತು.

"ವಾರ್ನಿಶ್ ಹೊಡ್ದಿಲ್ಲ ಮಿಸ್, ಒದ್ದೆ ಬಟ್ಟೇಲಿ ಒರಸಿದ್ರೆ ಹೋಯ್ತದೆ. ಒಂದ್ ಕಣ್ಣು ಒರಸ್ಬುಟ್ರೆ..."

ಮಾತು ಮುಗಿಯುವ ಮೊದಲೇ ಮಕ್ಕಳು ಕರ್ಚೀಫು ನೆನೆಸಿಕೊಂಡು ಉಜ್ಜತೊಡಗಿದರು. ಕಪ್ಪು ಬಣ್ಣ ಕೆನ್ನೆಗೆಲ್ಲ ಹರಡಿತು. ಕಾಡಿಗೆ ಹಚ್ಚಿಕೊಂಡು ತವರು ನೆನೆದು ಅತ್ತವರಂತಾದವು ಗೊಂಬೆಗಳು.

"ಏಯ್, ಪಾತ್ರೆ ಉಜ್ಜಂಗೆ ಉಜ್ಬೇಡ್ರೋ! ಬಟ್ಟೆ ತುದಿ ಬೆರಳಿಗೆ ಸುತ್ಕೊಳ್ಳಿ. ಒಸಿ ನೀರು ಸಾಕು. ಒಂದೇ ದಿಕ್ಕಿಗೆ ಎಳೀರಿ!"

ವಜೀರಾ ಬೆಂಚಿನಿಂದ ಬೆಂಚಿಗೆ ಹೋಗಿ ಒಬ್ಬೊಬ್ಬರ ಬೆರಳು ಹಿಡಿದು ತೋರಿಸಿದಳು. ತಾನು ಹೆದರಿದ್ದನ್ನೇ ಮರೆತಳು. ಎಲ್ಲರೂ "ಅಜ್ಜಿ ಇಲ್ಲಿ, ಅಜ್ಜಿ ನಂದು" ಎನ್ನುವವರೇ. ಅಷ್ಟಕ್ಕೇ ತೃಪ್ತಿಪಡಬೇಕೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಕೊನೆಗೆ ಹೆಚ್ಚುಕಮ್ಮಿ ಎಲ್ಲರ ಕೈಯಲ್ಲೂ ಒಂಟಿ ಕಣ್ಣಿನ ಗೊಂಬೆ. "ಉಳಿದಿರೋ ಕಣ್ಣೇ ನಿಮ್ಮ ಆಸೆಯ ಕಣ್ಣು. ವಜೀರಮ್ಮ, ನಿಮಗೂ ಒಂದು," ಎಂದು ದಿವ್ಯ ಅವಳ ಮುಂದೂ ಗೊಂಬೆ ಇಟ್ಟರು. ವಜೀರಾ ಬದುಕಿನಲ್ಲೇ ಮೊದಲ ಸಲ ತಾನು ಬರೆದ ಕಣ್ಣನ್ನು ತಾನೇ ಒರೆಸಿದಳು. ಆಸೆಯನ್ನಂತೂ ಹುಡುಕಬೇಕಾಗಿರಲಿಲ್ಲ.

ಹಿಂದಿನ ಬೆಂಚಿನಲ್ಲಿ ಅಸ್ರಾ ಕೈ ಎತ್ತಿದಳು. ಏನಂತ ಕರೆಯುವುದೆಂದು ತೋಚದೆ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

"ಮಿಸ್, ನಂದು ಇನ್ನೂ ಹೋಗಿಲ್ಲ. ಒಸಿ ಬನ್ನಿ ಮಿಸ್."

ವಜೀರಾ ದಿವ್ಯರ ಕಡೆ ತಿರುಗಿದಳು. ದಿವ್ಯ ಅಲ್ಲಾಡಲಿಲ್ಲ. "ನಿಮ್ಮನ್ನೇ ಕರೀತಿರೋದು," ಎಂದರು.

ವಜೀರಾ ಹೋದಳು, ಮೊಮ್ಮಗಳ ಗೊಂಬೆಯ ಕಣ್ಣು ಒರೆಸಿಕೊಟ್ಟಳು, ಸೆರಗಿನಿಂದ ತನ್ನವನ್ನೂ ಒರೆಸಿಕೊಂಡಳು. ವಾಪಸು ಬಂದು ಕುಂಚ ಅದ್ದಿ, ತನ್ನ ಗೊಂಬೆಗೆ ಎರಡನೇ ಕಣ್ಣು ಇಟ್ಟಳು.

ಮಕ್ಕಳು ಮತ್ತೆ ಗೊಳ್ಳೆಂದರು. "ಅಜ್ಜಿ ಕೈ ಸುಮ್ನಿರಲ್ಲ!"

ದಿವ್ಯರೂ ನಕ್ಕರು. "ಅಯ್ಯೋ ವಜೀರಮ್ಮ, ಮತ್ತೆ ಬರೆದ್ರಾ? ಆಸೆ ನೆರವೇರಿದ ಮೇಲೆ ಅಲ್ವಾ ಇಡೋದು?"

"ಊಂ ಮಿಸ್," ಎಂದಳು ವಜೀರಾ, "ಗೊತ್ತು."