ಅಧ್ಯಕ್ಷರ ಎಡಗೈ

ನೋಡಿ ಸ್ನೇಹಿತರೇ, ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು ಪೇಪರಿನಲ್ಲಿ ಚಿತ್ರ ನೋಡಿಯೇ ಚಿಂತೆ ಮಾಡುವವನು. ಬೆಳಿಗ್ಗೆ ವಿಜಯನಗರದ ಕಟಿಂಗ್ ಶಾಪಿನಲ್ಲಿ, “ಈ ಎಣ್ಣೆ ದೇಶದ ಅಧ್ಯಕ್ಷರ ಎಡಗೈ ಫೋಟೋದಲ್ಲಿ ಕಾಣ್ತಾ ಇಲ್ವಲ್ಲ” ಎಂದೆ, ಅಷ್ಟೇ.

ಮನೆಯ ಸ್ಟೌವಿನಲ್ಲಿ ಎಣ್ಣೆ ಮುಗಿದಿತ್ತು. ಸಂಜೆ ಡಬ್ಬ ಹಿಡಿದು ಹೋದರೆ ಸೀಮೆಎಣ್ಣೆ ಕ್ಯೂ ಅತ್ತಿಗುಪ್ಪೆ ತಿರುವು ದಾಟಿತ್ತು. ಮುಂದಿದ್ದವರನ್ನು ಕೇಳಿದೆ.

“ಗೊತ್ತಿಲ್ವಾ ಸಾರ್? ಎಣ್ಣೆ ದೇಶದ ಅಧ್ಯಕ್ಷನ ಕೈ ಕಡಿದ್ಬಿಟ್ಟಿದಾರಂತೆ. ಯುದ್ಧ ಗ್ಯಾರಂಟಿ. ನಾಳೆಯಿಂದ ಸೀಮೆಎಣ್ಣೆ ಬರಲ್ಲ.”

“ಯಾರು ಹೇಳಿದ್ದು?”

“ಕಟಿಂಗ್ ಶಾಪಲ್ಲಿ ಯಾರೋ ಓದ್ಕೊಂಡೋರು ಪೇಪರ್ ನೋಡಿ ಹೇಳಿದ್ರಂತೆ.”

ನನ್ನನ್ನು ಓದಿಕೊಂಡವನು ಎಂದದ್ದು ಇದೇ ಮೊದಲು, ಅದಕ್ಕೇ ಕಾಲರ್ ಸರಿಮಾಡಿಕೊಂಡು ಕ್ಯೂನಲ್ಲಿ ನಿಂತೆ. ನನ್ನ ಸರದಿ ಬರುವಷ್ಟರಲ್ಲಿ ಡ್ರಮ್ ಖಾಲಿಯಾಯಿತು. ಅಧ್ಯಕ್ಷರು ಈಗ ಎರಡೂ ಕೈಯಲ್ಲಿ ಊಟ ಮಾಡುತ್ತಿರಬೇಕು. ನಮ್ಮ ಮನೆಯಲ್ಲಿ ನೆನೆಸಿದ ಅವಲಕ್ಕಿ.